ಹಾಡಿಗೆ ಎರಡು ಸ್ಪೀಕರ್ ಸಾಕು

ಹೋಮ್ ಥಿಯೇಟರ್ ಬಗೆಗಿನ ನಿಮ್ಮ ಲೇಖನದಲ್ಲಿ 'ಹಾಡು ಕೇಳುವಾಗಲೂ ಐದೂ ಸ್ಪೀಕರ್ ಹಾಕಿ' ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಹೆಚ್ಚಿನ ಹಾಡುಗಳು ಎಡ, ಬಲ ಎಂಬ ಎರಡೇ ಚಾನೆಲ್‌ನಲ್ಲಿ ಮಿಕ್ಸ್ ಆಗಿರುತ್ತವೆ. ಅದನ್ನು ಸುಮ್ನೆ ಐದಕ್ಕೆ ಹಂಚಿದರೆ ಗಾಯಕರ ದನಿ ಎದುರಿನ ಜಾಗ ಬಿಟ್ಟು ರೂಮೆಲ್ಲಾ ಹರಡಿಕೊಳ್ಳುತ್ತದೆ, ಅಲ್ವಾ?

ಮಡಿಕೇರಿಯ ನಮ್ಮ ಮನೆಯಲ್ಲಿ ಕೆಂಪು ರೆಡ್ ಆಕ್ಸೈಡ್ ನೆಲ, ಬರೀ ಗೋಡೆ. ಕೊಡವರ ಸುಗ್ಗಿ ಹಬ್ಬದ ಪುತ್ತರಿ ಹಾಡು ಹಾಕಿದರೆ ದುಡಿ ಎಂಬ ಪುಟ್ಟ ಚರ್ಮವಾದ್ಯದ ಪೆಟ್ಟು ಬರೀ ಗುಂಯ್ ಎನ್ನುತ್ತಿತ್ತು. ಸ್ಪೀಕರ್‌ಗಳಿಗೆ ದನಿ ಕಳಿಸುವ ರಿಸೀವರನ್ನು ಸ್ಟೀರಿಯೋ ಮೋಡ್‌ಗೆ, ಅಂದರೆ ಎದುರಿನ ಎರಡು ಸ್ಪೀಕರ್‌ಗೆ ಹಾಕಿದೆ. ತಗ್ಗಿನ ದನಿಯನ್ನು ಸಬ್‌ವೂಫರ್ ಎಂಬ ಬೇರೆ ಸ್ಪೀಕರ್‌ಗೆ ಕಳಿಸುವ ಗಡಿಯನ್ನು, ಅಂದರೆ ಕ್ರಾಸ್‌ಓವರನ್ನು, 80 ಹರ್ಟ್ಜ್‌ಗೆ ಇಟ್ಟೆ. ಮೂಲೆಯಲ್ಲಿದ್ದ ಸಬ್‌ವೂಫರನ್ನು ಎರಡು ಅಡಿ ಈಚೆಗೆ ಎಳೆದೆ, ಸ್ಪೀಕರ್‌ಗಳ ಮುಂದೆ ದಪ್ಪ ಜಮಖಾನ ಹಾಸಿದೆ. ಈಗ ಕೋಲು ದುಡಿಯ ಚರ್ಮಕ್ಕೆ ತಾಗುವುದೂ ಕೇಳುತ್ತದೆ! ಹೊಸ ಸ್ಪೀಕರ್ ಕೊಳ್ಳುವ ಮೊದಲು ಜಮಖಾನ ಹಾಸಿ ನೋಡಿ ಎಂದು ನೀವು ಒಂದು ಸಾಲು ಸೇರಿಸಬೇಕಿತ್ತು.