ಹದಿನೈದು ಬೆರಳಿನ ಮನುಷ್ಯ

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಲಿನಕ್ಸ್ ಕರ್ನಲ್‌ಗೆ ಒಂದು ಟಚ್‌ಸ್ಕ್ರೀನ್ ಡ್ರೈವರ್, ಅಂದರೆ ಸ್ಕ್ರೀನಿನ ಚಿಪ್ಪಿನ ಜೊತೆ ಮಾತಾಡುವ ಪ್ರೋಗ್ರಾಂ, ಬರೆದು ರಿವ್ಯೂಗೆ ಕಳಿಸಿದ್ದ. ಹೆಚ್ಚುಕಡಿಮೆ ಐನೂರು ಸಾಲು. ಅಚ್ಚುಕಟ್ಟಾಗಿತ್ತು. ಬೆರಳಿಟ್ಟರೆ ಚುಕ್ಕೆ, ಎಳೆದರೆ ಗೆರೆ. ವಿಡಿಯೊ ಬೇರೆ ಮಾಡಿ ತೋರಿಸಿದ. ನಾನು ಕೇಳಿದ್ದು ಒಂದೇ ಪ್ರಶ್ನೆ.

"ಚಿಪ್ಪು 15 ಬೆರಳಿದೆ ಅಂದ್ರೆ ಏನ್ ಮಾಡ್ತೀಯಾ?"

ನಕ್ಕುಬಿಟ್ಟ. "ಸರ್, ಮನುಷ್ಯನಿಗೆ ಇರೋದೇ ಹತ್ತು."

ಮಾತು ಸರಿಯೇ. ಆದರೆ ಡ್ರೈವರಿಗೆ ಮನುಷ್ಯ ಎಲ್ಲಿ ಕಾಣುತ್ತಾನೆ? ಅದಕ್ಕೆ ಕಾಣುವುದು ಚಿಪ್ಪು ಕೊಟ್ಟ ಒಂದು ನಂಬರು. ಗೂಡಿಕ್ಸ್ ಚಿಪ್‌ಗಳನ್ನೇ ತಗೊಳ್ಳಿ, ಎಷ್ಟೋ ಟ್ಯಾಬ್ಲೆಟ್‌ಗಳಲ್ಲಿ ಇವೆ. ಅದರಲ್ಲಿ ಒಂದು ಬೈಟಿನ (ಎಂಟು ಬಿಟ್) ಸ್ಟೇಟಸ್ ರಿಜಿಸ್ಟರ್, ಅಂದರೆ ಸ್ಥಿತಿ ಹೇಳುವ ಪುಟ್ಟ ಖಾನೆ, ಇದೆ. ಮೇಲಿನ ಬಿಟ್ 1 ಆಗಿದ್ದರೆ "ಹೊಸ ಡೇಟಾ ಬಂದಿದೆ, ಓದಿಕೋ" ಎಂದರ್ಥ. ಕೆಳಗಿನ ನಾಲ್ಕು ಬಿಟ್‌ನಲ್ಲಿ ಎಷ್ಟು ಬೆರಳು ಎಂಬ ಲೆಕ್ಕ. ನಾಲ್ಕು ಬಿಟ್‌ಗೆ 15ರ ತನಕ ಹಿಡಿಸುತ್ತದೆ. ಒಂದೊಂದು ಬೆರಳಿಗೆ 8 ಬೈಟ್ ವಿವರ. ನಮ್ಮ ಹುಡುಗನ ಚಿಪ್ಪೂ ಇದೇ ಜಾತಿಯದ್ದು. ಅವನು ಹತ್ತು ಬೆರಳಿಗೆಂದು 80 ಬೈಟಿನ ಬಫರ್, ಅಂದರೆ ಡೇಟಾ ತುಂಬಿಕೊಳ್ಳುವ ಡಬ್ಬಿ, ಇಟ್ಟಿದ್ದ.

ಈಗ ನೋಡಿ. ಪ್ರೊಸೆಸರಿಗೂ ಚಿಪ್ಪಿಗೂ ನಡುವಿನ ಐ-ಸ್ಕ್ವೇರ್ಡ್-ಸಿ ತಂತಿಯಲ್ಲಿ ಚಿಪ್ಪು ತನ್ನ ವಿಳಾಸ ಕೇಳಿ ಹೂಂ ಅಂದಿತು, ಅಷ್ಟರಲ್ಲಿ ಕರೆಂಟು ಒಂದು ಚೂರು ಕುಸಿದು ರೀಸೆಟ್ ಆಯಿತು ಅಂದುಕೊಳ್ಳಿ. ಅದು ತಂತಿಯನ್ನು ಕೈಬಿಡುತ್ತದೆ. ಪುಲ್-ಅಪ್ ರೆಸಿಸ್ಟರ್ ತಂತಿಯನ್ನು ಮೇಲೆ, ಅಂದರೆ 1ರಲ್ಲಿ, ಹಿಡಿದು ನಿಲ್ಲಿಸುತ್ತದೆ. ಈ ಕಡೆ ಓದುವವನಿಗೆ ಎಲ್ಲ ಬಿಟ್ಟೂ 1. ಹೊಸ ಡೇಟಾ ಬಂದಿದೆಯಾ? ಬಂದಿದೆ. ಎಷ್ಟು ಬೆರಳು? ಹದಿನೈದು. 15 ಎಂಟಲೆ 120. ಎಂಬತ್ತರ ಡಬ್ಬಿಗೆ ನೂರಿಪ್ಪತ್ತು ಸುರಿದರೆ ಉಳಿದ 40 ಬೈಟು ಕರ್ನಲ್ ಮೆಮೊರಿಯಲ್ಲಿ ಪಕ್ಕದಲ್ಲಿ ಏನಿದೆಯೋ ಅದರ ಮೇಲೆ ಚೆಲ್ಲುತ್ತದೆ. ಕ್ರ್ಯಾಶ್ ಆಗುವುದು ಇನ್ನೆಲ್ಲೋ, ಬೈಸಿಕೊಳ್ಳುವುದು ಇನ್ಯಾರೋ. ಕರ್ನಲ್‌ನಲ್ಲಿರುವ ಗೂಡಿಕ್ಸ್ ಡ್ರೈವರ್‌ನಲ್ಲಿ ಇದಕ್ಕೆ ಎರಡು ಸಾಲಿನ ತಪಾಸಣೆ ಇದೆ: ಲೆಕ್ಕ ಮಿತಿ ಮೀರಿದರೆ ಎರರ್ ಕೊಟ್ಟು ವಾಪಸ್. ಎರಡೇ ಸಾಲು.

ನನಗೆ ಸಿಟ್ಟು ಬರುವುದು ಹುಡುಗನ ಮೇಲಲ್ಲ. ನನಗಿಂತ ಮೊದಲು ಇದೇ ಕೋಡ್ ಓದಿದ ಇಬ್ಬರ ಮೇಲೆ. ಇಬ್ಬರೂ ಸೇರಿ ಹದಿನೇಳು ಕಮೆಂಟ್ ಹಾಕಿದ್ದರು. ಇಲ್ಲಿ ಟ್ಯಾಬ್ ಬೇಕು, ಅಲ್ಲಿ ಖಾಲಿ ಸಾಲು ಬೇಡ, ಈ ಸಾಲು 80 ಅಕ್ಷರ ದಾಟಿದೆ. ರೀ ಸ್ವಾಮಿ, ಅದನ್ನು ಹೇಳಲು ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟ್ ಕರ್ನಲ್ ಜೊತೆಗೇ ಬರುತ್ತದೆ. 2020ರಲ್ಲಿ ಅದು ಕೂಡ 80 ಬಿಟ್ಟು 100ಕ್ಕೆ ಬಂತು, ನಮ್ಮವರು ಇನ್ನೂ ಬಂದಿಲ್ಲ. ಮದುವೆ ಮನೆಗೆ ಬಂದು ಪೆಂಡಾಲಿನ ಬಣ್ಣ ನೋಡಿ, ಊಟ ಮಾಡದೆ ಹೋದ ಹಾಗೆ.

ಡ್ರೈವರ್ ಓದುವಾಗ ಚಿಪ್ಪು ಸುಳ್ಳು ಹೇಳುತ್ತಿದೆ ಅಂದುಕೊಂಡೇ ಓದಬೇಕು ಅನ್ನುವುದು ನನ್ನ ವಾದ. ಸುಳ್ಳು ಹೇಳುತ್ತದೆ, ಇಲ್ಲವಾದರೆ ಹೇಳಬೇಕಾದ್ದನ್ನು ಹೇಳದೆ ಸುಮ್ಮನಿರುತ್ತದೆ. ಎರಡನೆಯದೇ ಜಾಸ್ತಿ ಕಾಟ.

ಅಮ್ಮನ ಹಳೆಯ ಫೋನ್ ಆಗಾಗ ತನ್ನಷ್ಟಕ್ಕೆ ತಾನೇ ಒತ್ತಿಕೊಳ್ಳುತ್ತಿತ್ತು. "ಇದಕ್ಕೇನೋ ಗಾಳಿ ಸೋಕಿದೆ ಕಣೋ" ಅನ್ನುತ್ತಿದ್ದಳು. ಒದ್ದೆ ಕೈ, ಕಳಪೆ ಚಾರ್ಜರ್, ಹಾಳಾದ ಪ್ಯಾನೆಲ್, ಕಾರಣ ಏನು ಬೇಕಾದರೂ ಇರಬಹುದು. ಆದರೆ ಡ್ರೈವರ್ ಬರೆಯುವವರೇ ಹುಟ್ಟಿಸುವ ಒಂದು ಗಾಳಿಯೂ ಇದೆ. ಲಿನಕ್ಸ್‌ಗೆ 2010ರಲ್ಲಿ ಸ್ಲಾಟ್ ಪದ್ಧತಿ ಬಂತು. ಬೆರಳು ಇಳಿದಾಗ ಅದಕ್ಕೊಂದು ಸ್ಲಾಟ್, ಒಂದು ಟ್ರ್ಯಾಕಿಂಗ್ ನಂಬರು. ಎತ್ತಿದಾಗ ಆ ನಂಬರನ್ನು -1 ಮಾಡಿ ಹೇಳಬೇಕು. ಹೇಳದೇ ಹೋದರೆ ಆ್ಯಪ್‌ಗಳ ಪಾಲಿಗೆ ಬೆರಳು ಅಲ್ಲೇ ಇದೆ. ಬೆರಳು ಇಳಿಯುವುದನ್ನು ಎಲ್ಲರೂ ಟೆಸ್ಟ್ ಮಾಡುತ್ತಾರೆ, ಏಳುವುದನ್ನು ಯಾರೂ ಸರಿಯಾಗಿ ನೋಡಲ್ಲ.

ಹುಡುಗನಿಗೆ ಹೀಗೆ ಮಾಡಿ ನೋಡು ಅಂದೆ: ಸ್ಕ್ರೀನ್ ಮೇಲೆ ಹೆಬ್ಬೆರಳು ಒತ್ತಿ ಹಿಡಿ, ಇನ್ನೊಂದು ಕೈಯಲ್ಲಿ ಪವರ್ ಬಟನ್ ಒತ್ತಿ ಮಲಗಿಸು, ಈಗ ಬೆರಳು ತೆಗಿ, ಮತ್ತೆ ಎಬ್ಬಿಸು. ಚಿಪ್ಪೂ ಮಲಗಿತ್ತಲ್ಲ, ಬೆರಳು ಎದ್ದಿದ್ದನ್ನು ಅದು ನೋಡಲೇ ಇಲ್ಲ. ಎದ್ದ ಮೇಲೆ ಇಲ್ಲದ ಬೆರಳು ಐಕಾನ್ ಒಂದನ್ನು ಒತ್ತಿ ಹಿಡಿದೇ ಇತ್ತು. ಅವನ ಮುಖ ನೋಡಬೇಕಿತ್ತು. ಮಲಗುವ ಮೊದಲು ಎಲ್ಲ ಸ್ಲಾಟ್ ಖಾಲಿ ಮಾಡು, ಮುಗೀತು.

ಇನ್ನು ಆ 200 ಮಿಲಿಸೆಕೆಂಡ್. ರೀಸೆಟ್ ಆದ ಮೇಲೆ ಇಷ್ಟು ಹೊತ್ತು ಕಾಯಬೇಕು ಎಂದು ಬರೆದಿದ್ದ. ಯಾಕೆ ಇನ್ನೂರು? "ಬೋರ್ಡ್ ಜೊತೆ ಬಂದ ಕೋಡಲ್ಲಿ ಹಾಗಿತ್ತು ಸರ್." ಇದನ್ನು ನಾನು ಒಪ್ಪಲ್ಲ. ಡೇಟಾಶೀಟ್‌ನಲ್ಲಿದ್ದರೆ ಇರಲಿ, ಒಂದು ಕಮೆಂಟ್ ಬರೆ. ಇಲ್ಲವೆಂದರೆ ಫೋನ್ ಎಬ್ಬಿಸಿದಾಗಲೆಲ್ಲ ಜನ ಸೆಕೆಂಡಿನ ಐದರಲ್ಲೊಂದು ಭಾಗ ಸುಮ್ನೆ ಕಾಯಬೇಕು. ಅದೇ ಕೋಡಿಂದ ಫ್ಯಾಕ್ಟರಿ ಟೆಸ್ಟ್ ಫಂಕ್ಷನ್‌ಗಳೂ ಬಂದಿದ್ದವು, ತೆಗೆಸಿದೆ.

ಒಂದು ವಿಷಯಕ್ಕೆ ಮಾತ್ರ ಬೆನ್ನು ತಟ್ಟಿದೆ. ಇಂಟರಪ್ಟ್ (ಡೇಟಾ ಇದೆ ಎಂದು ಚಿಪ್ಪು ಕರೆಯುವ ಸಂಕೇತ) ಬಂದಾಗಿನ ಕೆಲಸವನ್ನು ಥ್ರೆಡ್‌ಗೆ, ಅಂದರೆ ನಿದ್ದೆ ಮಾಡಿ ಕಾಯಬಹುದಾದ ಕಡೆಗೆ, ಹಾಕಿದ್ದ. ಆ ತಂತಿಯ ಮೇಲೆ 400 ಕಿಲೋಹರ್ಟ್ಸ್‌ನಲ್ಲಿ ಹತ್ತು ಬೆರಳಿನ ಡೇಟಾ ಓದಲು ಹತ್ತಿರ ಹತ್ತಿರ 2 ಮಿಲಿಸೆಕೆಂಡ್ ಬೇಕು, ಮಧ್ಯೆ ನಿದ್ದೆ ಮಾಡಿ ಕಾಯಬೇಕು. ಹಾರ್ಡ್ ಇಂಟರಪ್ಟ್‌ನಲ್ಲಿ ನಿದ್ದೆ ಮಾಡುವ ಹಾಗಿಲ್ಲ. ಇದನ್ನು ಯಾರೂ ಹೇಳಿಕೊಡದೆ ತಿಳಿದುಕೊಂಡಿದ್ದ.

ಮೂರನೇ ವರ್ಶನ್ ಮೊನ್ನೆ ಬಂತು, ಎರಡು ಸಾಲಿನ ತಪಾಸಣೆ ಸಮೇತ. ಜೊತೆಗೆ ಇನ್ನೊಂದು ಸಣ್ಣ ಪ್ಯಾಚ್ (ಕೋಡ್ ತಿದ್ದುಪಡಿ) ಇತ್ತು. ಹಿಂದೆ ಬೇರೆ ಬೋರ್ಡ್‌ಗೆ ನಾನೇ ಬರೆದ ಡ್ರೈವರ್ ತೆರೆದು ನೋಡಿದ್ದಾನೆ. ಅದರಲ್ಲೂ ಬೆರಳಿನ ಲೆಕ್ಕಕ್ಕೆ ಮಿತಿ ಇರಲಿಲ್ಲ. ಪ್ಯಾಚಿನ ವಿವರಣೆಯಲ್ಲಿ ನನ್ನ ಹೆಸರು ಹಾಕದೆ "ಹಳೆಯ ಕೋಡ್" ಎಂದಷ್ಟೇ ಬರೆದಿದ್ದ. ನಾನು ಹೆಸರು ಸೇರಿಸಿ ಮತ್ತೆ ಕಳಿಸು ಅಂದಿದ್ದೇನೆ.