ಮಗು ಈಗ ಯಾರ ಕೈಲಿದೆ?

ನಾನಿರುವ ಜರ್ಮನಿಯ ಮ್ಯೂನಿಕ್‌ನಲ್ಲಿ ಕಟ್ಟಡದ ಕೆಲಸ ನಡೆಯುವ ಕಡೆಯೆಲ್ಲ ಬೇಲಿಗೆ ಒಂದು ಬೋರ್ಡು ತಗುಲಿಸಿರುತ್ತಾರೆ. ಒಳಗೆ ಬರಬೇಡಿ, ಮಕ್ಕಳು ಏನು ಮಾಡಿದರೂ ಅಪ್ಪ ಅಮ್ಮನೇ ಹೊಣೆ ಅಂತ. ಹೊಸದಾಗಿ ಬಂದ ನಮ್ಮವರು ಇದನ್ನು ಓದಿ ಮಗುವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಆದರೆ ಬೋರ್ಡು ಹೆದರಿಸುವಷ್ಟು ಕಾನೂನು ಹೆದರಿಸುವುದಿಲ್ಲ. ಜರ್ಮನಿಯ ಸಿವಿಲ್ ಕಾನೂನಿನ 832ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕಾದ ಹಾಗೆ ನೋಡಿಕೊಂಡಿದ್ದರೆ ಹೆತ್ತವರು ನಷ್ಟ ತುಂಬಿಕೊಡಬೇಕಿಲ್ಲ. ಏಳು ವರ್ಷ ತುಂಬದ ಮಗುವಿನ ಮೇಲಂತೂ ಹೊಣೆ ಹಾಕುವ ಹಾಗೇ ಇಲ್ಲ. ಹಾಗಾದರೆ ಮಗು ಗೀಚಿದ ಕಾರಿನವನ ಗತಿ? ಕೆಲವು ಸಲ ಅದು ಅವನ ಹಣೆಬರಹ, ಅಷ್ಟೇ.

ನೋಡಿಕೊಳ್ಳಬೇಕಾದ ಹಾಗೆ ಅಂದರೆ ಹೇಗೆ ಅನ್ನುವುದಕ್ಕೂ ಇಲ್ಲಿ ಉತ್ತರ ಇದೆ. ಮಕ್ಕಳು ನಿಲ್ಲಿಸಿದ್ದ ಕಾರುಗಳನ್ನು ಗೀಚಿದ ಕೇಸೇ 2009ರಲ್ಲಿ ಇಲ್ಲಿನ ಉನ್ನತ ಕೋರ್ಟಿಗೆ ಹೋಗಿತ್ತು. ಐದೂವರೆ ವರ್ಷದ ಮಗು ಮನೆ ಹತ್ತಿರ, ಗೊತ್ತಿರುವ ಜಾಗದಲ್ಲಿ ಆಡುತ್ತಿದ್ದರೆ ಅರ್ಧ ಗಂಟೆಗೊಮ್ಮೆಯಾದರೂ ಹೋಗಿ ನೋಡಬೇಕು. ಏಳೆಂಟು ವರ್ಷದ ಮಗುವಾದರೆ ಹಿಂದೆ ಹಿಂದೆ ತಿರುಗಬೇಕಿಲ್ಲ, ಎಲ್ಲಿದೆ, ಏನು ಮಾಡುತ್ತಿದೆ ಅಂತ ಅಂದಾಜು ಇದ್ದರೆ ಸಾಕು. ಕೋರ್ಟು ಹೇಳಿದ್ದು ಹೆಚ್ಚುಕಡಿಮೆ ಇಷ್ಟು. ನದಿ ದಡಕ್ಕೋ ದೊಡ್ಡ ರಸ್ತೆಗೋ ಈ ಲೆಕ್ಕ ನಡೆಯುವುದಿಲ್ಲ, ಅದು ಬೇರೆ ಮಾತು.

ಊರಿನಿಂದ ಬಂದ ಅಜ್ಜ ಅಜ್ಜಿಯರಿಗೆ ಇದು ಬೇಜವಾಬ್ದಾರಿ ಅನಿಸುತ್ತದೆ. ಆರು ವರ್ಷದ ಮಗು ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಜೊತೆಯವರ ಸಂಗಡ ಶಾಲೆಗೆ ನಡೆದು ಹೋಗುವುದನ್ನು ಕಿಟಕಿಯಿಂದ ನೋಡಿ, 'ಇವರಿಗೆ ಕರುಳೇ ಇಲ್ವಾ' ಅನ್ನುತ್ತಾರೆ. ಆದರೆ ಆ ಮಗು ರಸ್ತೆಗಿಳಿಯುವ ಮೊದಲು ಅಪ್ಪನೋ ಅಮ್ಮನೋ ಅದೇ ದಾರಿಯಲ್ಲಿ ಎಷ್ಟೋ ಸಲ ಅದರ ಜೊತೆ ನಡೆದಿರುತ್ತಾರೆ. ಎಲ್ಲಿ ನಿಲ್ಲಬೇಕು, ಯಾವ ಗೇಟಿನಿಂದ ಕಾರು ಹಿಂದಕ್ಕೆ ಬರುತ್ತದೆ ಅಂತ ತೋರಿಸಿರುತ್ತಾರೆ. ಎಂಟು ವರ್ಷದವರೆಗೆ ಮಕ್ಕಳು ಸೈಕಲ್ಲನ್ನು ಫುಟ್‌ಪಾತ್ ಮೇಲೆ, ಇಲ್ಲವೇ ರಸ್ತೆಯಿಂದ ಬೇರ್ಪಡಿಸಿದ ಸೈಕಲ್ ದಾರಿಯಲ್ಲಿ ಓಡಿಸಬೇಕು ಅಂತ ನಿಯಮ. ಅದಕ್ಕೆ ಓಡಿಸುವಂಥ ಫುಟ್‌ಪಾತೂ ಇರಬೇಕಲ್ಲ, ಇದೆ.

ಈಗ ನಮ್ಮ ಕಡೆಯ ಮದುವೆ ಛತ್ರಕ್ಕೆ ಬನ್ನಿ. ಮುನ್ನೂರು ಜನ ಇದ್ದಾರೆ, ಮಗುವಿಗೇನು ಭಯ? ಚಿಕ್ಕಮ್ಮ ಅಂದುಕೊಳ್ಳುತ್ತಾಳೆ ಅಜ್ಜಿ ಹತ್ತಿರ ಇದೆ ಅಂತ. ಅಜ್ಜಿ ಅಂದುಕೊಳ್ಳುತ್ತಾರೆ ಅಪ್ಪ ಎತ್ತಿಕೊಂಡು ಹೋದ ಅಂತ. ಅಪ್ಪ ಎರಡನೇ ಪಂಕ್ತಿಗೆ ಜಾಗ ಹಿಡಿಯುತ್ತಿದ್ದಾನೆ. ಅಮ್ಮನನ್ನು ಫೋಟೋಗೆ ಕರೆದಿದ್ದಾರೆ. ಮಗು ಅಡುಗೆಮನೆ ಬಾಗಿಲಲ್ಲಿದೆ. ಅಲ್ಲಿ ಒಲೆಯಿಂದ ಇಳಿಸಿದ ಸಾರಿನ ಕೊಳಗ ನೆಲದ ಮೇಲೇ ಇದೆ, ಮುಚ್ಚಳ ಪಕ್ಕಕ್ಕೆ ಸರಿದಿದೆ, ಕೊಳಗದ ಬಾಯಿ ಸರಿಯಾಗಿ ಮಗುವಿನ ಎದೆಯೆತ್ತರಕ್ಕೆ. ಬಿಸಿ ಸಾರಿಗೆ ಬಿದ್ದ ಮಕ್ಕಳ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಬೆಂಗಳೂರಿನ ಸಂಪುಗಳ ಕಥೆಯೂ ಅದೇ. ಟ್ಯಾಂಕರ್ ನೀರು ಬಿಟ್ಟು ಹೋದ, ಮುಚ್ಚಳ ಮುಚ್ಚುವುದು ಯಾರು?

ಎಲ್ಲರೂ ನೋಡಿಕೊಳ್ಳುತ್ತಾರೆ ಅನ್ನುವ ಜಾಗದಲ್ಲಿ ಯಾರೂ ನೋಡುತ್ತಿರುವುದಿಲ್ಲ. ಯಾರಿಗೂ ಪ್ರೀತಿ ಕಡಿಮೆ ಅಂತಲ್ಲ. ಈ ಹತ್ತು ನಿಮಿಷ ಮಗು ನಿನ್ನದು ಅಂತ ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿರುವುದಿಲ್ಲ. ಆಮೇಲೆ ಅನಾಹುತ ಆದಾಗ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, 'ತಾಯಿ ಏನು ಮಾಡ್ತಿದ್ಳು?' ಅಪ್ಪ ಎಲ್ಲಿದ್ದ ಅಂತ ಒಬ್ಬರೂ ಕೇಳುವುದಿಲ್ಲ. ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲೇ. ಇಲ್ಲಿನ ಆಟದ ಬಯಲಲ್ಲಿ ಶನಿವಾರ ಬೆಳಿಗ್ಗೆ ನೋಡಿದರೆ ಮರಳಲ್ಲಿ ಕೂತವರು ಬಹಳಷ್ಟು ಅಪ್ಪಂದಿರು. ಯಾರೂ ಅದಕ್ಕೆ ಶಭಾಷ್ ಅನ್ನುವುದಿಲ್ಲ, ಅನ್ನಬೇಕಾದ್ದೂ ಇಲ್ಲ.

ಜರ್ಮನ್ನರು ಭಾರಿ ಎಚ್ಚರದವರು ಅಂತಲೂ ಅಲ್ಲ. 2018ರಲ್ಲಿ ಹ್ಯಾಂಬರ್ಗ್‌ನಲ್ಲಿ ಏಳು ವರ್ಷದ ಹುಡುಗನೊಬ್ಬನ ಮುಂದಾಳತ್ವದಲ್ಲಿ ಮಕ್ಕಳು ಮೆರವಣಿಗೆಯನ್ನೇ ಮಾಡಿದರು. ಮೊಬೈಲ್ ಜೊತೆ ಅಲ್ಲ, ನಮ್ಮ ಜೊತೆ ಆಡಿ ಅಂತ ಅಪ್ಪ ಅಮ್ಮಂದಿರ ಮೇಲೇ ಘೋಷಣೆ! ಈಜುಕೊಳದ ಕಾವಲಿನವರ ದೂರೂ ಅದೇ: ಮಗು ನೀರಲ್ಲಿ, ಅಪ್ಪನ ಕಣ್ಣು ಫೋನಲ್ಲಿ. ಇಲ್ಲಿ ಮಕ್ಕಳಿಗೆ 'ಕಡಲಕುದುರೆ' ಅಂತ ಮೊದಲ ಈಜಿನ ಬ್ಯಾಡ್ಜ್ ಕೊಡುತ್ತಾರೆ. ಅಂಚಿನಿಂದ ಹಾರಿ 25 ಮೀಟರ್ ಈಜಬೇಕು, ಭುಜದಾಳದ ನೀರಿನ ತಳದಿಂದ ಒಂದು ವಸ್ತು ಎತ್ತಿ ತರಬೇಕು. ಆ ಬ್ಯಾಡ್ಜ್ ಚಡ್ಡಿಯ ಮೇಲೆ ಬಂದ ಕೂಡಲೇ ಹೆತ್ತವರು ನಿರಾಳ. ಅಷ್ಟಕ್ಕೇ ಮಗು ಈಜುಗಾರ ಆಗಲಿಲ್ಲ, ಮುಂದಿನ ಕಂಚಿನ ಬ್ಯಾಡ್ಜ್ ಬರುವ ತನಕ ಪಕ್ಕದಲ್ಲೇ ಇರಿ ಅಂತ ಜೀವರಕ್ಷಕ ಸಂಘದವರು ಹೇಳುತ್ತಲೇ ಇರುತ್ತಾರೆ. ಈಸಾರ್ ನದಿಯಾದರೆ ಇನ್ನೂ ಕಷ್ಟ. ಮೊಣಕಾಲುದ್ದ ನೀರಿನಲ್ಲೂ ಸೆಳೆತ ಕಾಲು ಎಳೆಯುತ್ತದೆ. ಕಾವೇರಿಯ ಬಲಮುರಿ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ನಮ್ಮಲ್ಲಿರುವ ಒಂದು ಗುಣ ಇಲ್ಲಿ ಇಲ್ಲ, ಅದನ್ನೂ ಹೇಳಿಬಿಡಬೇಕು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಗು ತಪ್ಪಿಸಿಕೊಂಡರೆ ಹೂ ಮಾರುವವರು ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈಗೊಂದು ಬಾಳೆಹಣ್ಣು ಕೊಟ್ಟು, 'ಯಾರದ್ರಪ್ಪಾ ಕೂಸು' ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾರೆ. ಮ್ಯೂನಿಕ್‌ನಲ್ಲಿ ಗುರುತಿಲ್ಲದವರು ಬೇರೆಯವರ ಮಗುವಿನ ಕೈ ಹಿಡಿಯಲು ಹಿಂದೆಮುಂದೆ ನೋಡುತ್ತಾರೆ. ಆದರೆ ನೀವು ಕೆಂಪು ಸಿಗ್ನಲ್‌ನಲ್ಲಿ ರಸ್ತೆ ದಾಟಿದರೆ, ಅಲ್ಲಿ ಮಕ್ಕಳು ನಿಂತಿದ್ದರೆ, ಯಾವುದಾದರೂ ಅಜ್ಜಿ ಬೈಯದೆ ಬಿಡುವುದಿಲ್ಲ.

ನಿಯಮ ನಮ್ಮಲ್ಲೂ ಇಲ್ಲದೆ ಇಲ್ಲ. ನಾಲ್ಕು ವರ್ಷದೊಳಗಿನ ಮಗು ಬೈಕಿನಲ್ಲಿ ಕೂತರೆ ಹೆಲ್ಮೆಟ್, ಸವಾರನಿಗೆ ಕಟ್ಟುವ ಬೆಲ್ಟ್, 40 ಕಿ.ಮೀ. ಮೀರದ ವೇಗ ಅಂತ ಕೇಂದ್ರ ಸರ್ಕಾರ 2022ರಲ್ಲೇ ಹೇಳಿದೆ. ಊರಿಗೆ ಹೋದಾಗ ನಾನು ನೋಡುವುದು ಸ್ಕೂಟರಿನ ಮುಂದೆ ನಿಂತು ಹ್ಯಾಂಡಲ್ ಹಿಡಿದ ಮಕ್ಕಳನ್ನು. ಶಬರಿಮಲೆಗೆ ಹೋಗುವಾಗ ಪಂಪೆಯಲ್ಲಿ ಪೊಲೀಸರು ಮಕ್ಕಳ ಕೈಗೆ ಫೋನ್ ನಂಬರಿನ ಪಟ್ಟಿ ಕಟ್ಟುತ್ತಾರಲ್ಲ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಒಳ್ಳೆ ಕೆಲಸ. ಜಾತ್ರೆಗೆ ಹೊರಡುವಾಗ ಮನೆಯಲ್ಲೇ ಪೆನ್ನಿನಿಂದ ನಂಬರ್ ಬರೆದರೂ ನಡೆಯುತ್ತದೆ. ಇಲ್ಲಿನ ಅಕ್ಟೋಬರ್‌ಫೆಸ್ಟ್‌ನಲ್ಲಿ ಆರು ವರ್ಷದೊಳಗಿನ ಮಕ್ಕಳು ರಾತ್ರಿ ಎಂಟರ ಮೇಲೆ ಬಿಯರ್ ಡೇರೆಯಲ್ಲಿ ಇರುವ ಹಾಗಿಲ್ಲ, ಅಪ್ಪ ಅಮ್ಮ ಜೊತೆಗಿದ್ದರೂ.

ಇಲ್ಲಿನ ನಮ್ಮ ಸ್ನೇಹಿತರ ಮನೆಗಳಲ್ಲಿ ಒಂದು ರೂಢಿ ಇದೆ. ನಾಲ್ಕು ಮನೆಯವರು ಕೆರೆ ದಡಕ್ಕೆ ಹೋದರೆ ಒಬ್ಬರು ಚಿತ್ರಾನ್ನ ಮುಟ್ಟುವುದಿಲ್ಲ, ಹರಟೆಗೂ ಕೂರುವುದಿಲ್ಲ, ಮಕ್ಕಳನ್ನು ನೋಡುತ್ತಾರೆ. ಎದ್ದು ಹೋಗುವಾಗ ಇನ್ನೊಬ್ಬರ ಹೆಸರು ಹಿಡಿದು 'ಈಗ ನೀನು' ಅನ್ನುತ್ತಾರೆ, ಅವರು 'ಹ್ಞೂಂ' ಅನ್ನುವ ತನಕ ಕದಲುವುದಿಲ್ಲ. ಮದುವೆ ಮನೆಗಳಲ್ಲಿ ಇದನ್ನು ಮಾಡಲು ದುಡ್ಡೇನೂ ಬೇಡ. ಜೊತೆಗೆ ಛತ್ರ ಗೊತ್ತುಮಾಡುವಾಗ ಇನ್ನೊಂದು ಮಾತು ಕೇಳಿ: ಅಡುಗೆಮನೆ ಬಾಗಿಲಿಗೆ ಸೊಂಟದೆತ್ತರದ ಗೇಟು ಇದೆಯಾ ಅಂತ. ಇಲ್ಲ ಅಂದರೆ ಹಾಕಿಸಿ ಅನ್ನಿ. ಮಂಟಪದ ಹೂವಿನ ಖರ್ಚಿನ ಮುಂದೆ ಅದು ಏನೂ ಅಲ್ಲ.