‘ಚಾನ್ಸ್ ಎಷ್ಟಿದೆ?’ ಅಂತ ಕೇಳುವ ಅಪ್ಪ ಅಮ್ಮಂದಿರಿಗೆ

ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳಿದ್ದರೆ ಅಕ್ಟೋಬರ್ ತಿಂಗಳು ಹೇಗಿರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಕಾಲೇಜಿಗೆ ಅರ್ಜಿ ಹಾಕುವ ಕೊನೇ ದಿನ ಹತ್ತಿರ ಬರುತ್ತಿರುತ್ತದೆ. ಮನೆಯಲ್ಲಿ ಯಾರ ಮುಖವೂ ಸರಿ ಇರುವುದಿಲ್ಲ. ಪರಿಚಯದವರ ಮಕ್ಕಳು ಅರ್ಜಿಯ ಜೊತೆ ಕೊಡಲು ತಮ್ಮ ಬಗ್ಗೆ ಬರೆಯುವ ಎಸ್ಸೇ ಓದಿ ಅಭಿಪ್ರಾಯ ಹೇಳುವ ಕೆಲಸ ಮಾಡುತ್ತಾ ಬಂದಿರುವುದರಿಂದ ನನಗೆ ಬರುವ ಮೆಸೇಜುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. "ಜಿಪಿಎ 3.97, ಎಸ್‌ಎಟಿ 1540, ಎಪಿ ಹನ್ನೊಂದು, ರೋಬಾಟಿಕ್ಸ್ ಕ್ಲಬ್ ಪ್ರೆಸಿಡೆಂಟ್. ಸ್ಟ್ಯಾನ್‌ಫರ್ಡ್‌ಗೆ ಎಷ್ಟು ಪರ್ಸೆಂಟ್ ಚಾನ್ಸ್ ಇದೆ ಅಂತ ಹೇಳ್ತೀರಾ?" (ಜಿಪಿಎ ಅಂದರೆ ಸ್ಕೂಲಿನ ಮಾರ್ಕ್ಸಿನ ಸರಾಸರಿ, ಎಸ್‌ಎಟಿ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ, ಎಪಿ ಹೈಸ್ಕೂಲಿನಲ್ಲೇ ತೆಗೆದುಕೊಳ್ಳುವ ಕಾಲೇಜು ಮಟ್ಟದ ಕೋರ್ಸ್.)

ನಾನು ಪರ್ಸೆಂಟ್ ಹೇಳುವುದಿಲ್ಲ. ಗೊತ್ತಿದ್ದೂ ಬಾಯಿ ಬಿಡುತ್ತಿಲ್ಲ ಅಂತ ಕೆಲವರಿಗೆ ಬೇಜಾರೂ ಆಗಿದೆ. ಆದರೆ ಆ ನಂಬರ್ ಯಾರ ಹತ್ತಿರವೂ ಇಲ್ಲ. ಸಾವಿರಾರು ಡಾಲರ್ ತೆಗೆದುಕೊಳ್ಳುವ ಕನ್ಸಲ್ಟೆಂಟ್ ಹತ್ತಿರವೂ ಇಲ್ಲ, ಮಾರ್ಕ್ಸ್ ತುಂಬಿದ ತಕ್ಷಣ ಇಷ್ಟು ಪರ್ಸೆಂಟ್ ಅಂತ ತೋರಿಸುವ ವೆಬ್‌ಸೈಟಿನ ಹತ್ತಿರವೂ ಇಲ್ಲ. ಯಾಕೆ ಇಲ್ಲ ಅನ್ನುವುದನ್ನು ಒಮ್ಮೆ ಬಿಡಿಸಿ ಬರೆಯಬೇಕು ಅಂತ ಬಹಳ ದಿನದಿಂದ ಅನಿಸುತ್ತಿತ್ತು.

ಚಾನ್ಸ್ ಎಷ್ಟು ಅಂತ ಕೇಳುವಾಗ ನಾವು ಎರಡು ಬೇರೆ ಬೇರೆ ವಿಷಯ ಕೇಳುತ್ತಿರುತ್ತೇವೆ. ಒಂದು, ಈ ಮಗು ಆ ಕಾಲೇಜಿನಲ್ಲಿ ಓದಬಲ್ಲದಾ? ಎರಡು, ಆ ಕಾಲೇಜು ಈ ಮಗುವನ್ನು ತೆಗೆದುಕೊಳ್ಳುತ್ತಾ? ಮೊದಲನೆಯದಕ್ಕೆ ಉತ್ತರ ಇದೆ. ಮಾರ್ಕ್ಸ್ ಕಾರ್ಡ್ ನೋಡಿದರೆ, ಯಾವ ಕೋರ್ಸ್ ತೆಗೆದುಕೊಂಡಿದ್ದಾರೆ ಅಂತ ನೋಡಿದರೆ, ಒಂದು ಒಳ್ಳೇ ಅಂದಾಜು ಸಿಗುತ್ತದೆ. ಎರಡನೆಯದಕ್ಕೆ, ನೂರರಲ್ಲಿ ಐದು ಜನರನ್ನೂ ತೆಗೆದುಕೊಳ್ಳದ ಕಾಲೇಜುಗಳ ಮಟ್ಟಿಗೆ, ಹೊರಗಿನವರು ಹೇಳಬಹುದಾದ ಉತ್ತರವೇ ಇಲ್ಲ. ಎರಡನ್ನೂ ಕಲಸಿ ಒಂದೇ ನಂಬರ್ ಮಾಡಿ ಮಗುವಿನ ಕೈಗೆ ಕೊಡುತ್ತೇವಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ.

ಸೀಟು ಕೊಡುವಾಗ ಏಷ್ಯಾ ಮೂಲದ ಮಕ್ಕಳಿಗೆ ಅನ್ಯಾಯ ಮಾಡುತ್ತಿದೆ ಅಂತ ಹಾರ್ವರ್ಡ್ ಮೇಲೆ ಹಾಕಿದ್ದ ಕೇಸಿನಲ್ಲಿ ಬೋಸ್ಟನ್ನಿನ ಫೆಡರಲ್ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿತು. ಆ ಕೇಸಿನಿಂದಾಗಿ ಒಳಗಿನ ಲೆಕ್ಕ ಸ್ವಲ್ಪ ಹೊರಬಂತು. ಒಂದು ವರ್ಷ ಅಮೆರಿಕದೊಳಗಿನಿಂದಲೇ ಸುಮಾರು 26,000 ಮಕ್ಕಳು ಅರ್ಜಿ ಹಾಕಿದ್ದರು. ಅವರಲ್ಲಿ ಎಂಟು ಸಾವಿರಕ್ಕೂ ಜಾಸ್ತಿ ಮಕ್ಕಳಿಗೆ ಪೂರ್ತಿ ಜಿಪಿಎ. ಎಸ್‌ಎಟಿ ಗಣಿತದಲ್ಲಿ 800ಕ್ಕೆ 800 ತೆಗೆದವರು ಮೂರು ಸಾವಿರಕ್ಕೂ ಜಾಸ್ತಿ. ಆ ತರಗತಿಯಲ್ಲಿ ಇರುವ ಜಾಗ ಸುಮಾರು 1,600. ಅಂದರೆ ಒಂದು ಮಾರ್ಕೂ ಕಳೆದುಕೊಳ್ಳದ ಮಕ್ಕಳಿಂದಲೇ ಐದು ತರಗತಿ ತುಂಬಿಸಬಹುದಿತ್ತು. 2024ರಲ್ಲಿ ಸೇರಿದ ಬ್ಯಾಚಿಗೆ ಸುಮಾರು 54,000 ಅರ್ಜಿ ಬಂದವು, 1,937 ಜನರಿಗೆ ಕರೆ ಬಂತು. 3.6%.

ಈ 3.6% ಎಲ್ಲರಿಗೂ ಒಂದೇ ಅಲ್ಲ. ಅದೇ ಕೇಸಿನ ದಾಖಲೆಗಳನ್ನು ಅರ್ಥಶಾಸ್ತ್ರಜ್ಞರು ಕೂತು ಲೆಕ್ಕ ಹಾಕಿದರು. ಅಪ್ಪನೋ ಅಮ್ಮನೋ ಅಲ್ಲೇ ಓದಿದ್ದರೆ, ಅಂದರೆ ಲೆಗಸಿ ಮಕ್ಕಳಾದರೆ, ಮೂರರಲ್ಲಿ ಒಬ್ಬರಿಗೆ ಸೀಟು ಸಿಕ್ಕಿತ್ತು. ಕೋಚ್ ಆರಿಸಿದ ಕ್ರೀಡಾಪಟುಗಳು, ದೊಡ್ಡ ದಾನ ಕೊಟ್ಟವರ ಮಕ್ಕಳು, ಅಲ್ಲಿನ ಪ್ರೊಫೆಸರುಗಳ ಮಕ್ಕಳು, ಇವರದೆಲ್ಲ ಬೇರೆ ದಾರಿ. ಆ ವರ್ಷಗಳಲ್ಲಿ ಆಯ್ಕೆಯಾದ ಬಿಳಿಯ ವಿದ್ಯಾರ್ಥಿಗಳಲ್ಲಿ 43% ಈ ಗುಂಪುಗಳಿಗೆ ಸೇರಿದವರು. 2023ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಜೊತೆಗಾರರು ಇನ್ನೊಂದು ಅಧ್ಯಯನ ಪ್ರಕಟಿಸಿದರು. ಒಂದೇ ಎಸ್‌ಎಟಿ ಅಂಕ ಇದ್ದರೂ, ಅತಿ ಶ್ರೀಮಂತ 1% ಮನೆಗಳ ಮಕ್ಕಳಿಗೆ ಇಂಥ ಕಾಲೇಜುಗಳಿಗೆ ಹೋಗಿ ಸೇರುವ ಸಾಧ್ಯತೆ ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಹಾಗಿದ್ದ ಮೇಲೆ ಯಾವ ಬಾಗಿಲೂ ತೆರೆದಿಲ್ಲದ ನಮ್ಮ ಮಗುವಿಗೆ ಉಳಿಯುವ ಪಾಲು, ಪೇಪರಿನಲ್ಲಿ ಬರುವ ಸರಾಸರಿಗಿಂತ ಕಡಿಮೆಯೇ. ಎಂಐಟಿ, ಕ್ಯಾಲ್‌ಟೆಕ್, ಜಾನ್ಸ್ ಹಾಪ್ಕಿನ್ಸ್ ಲೆಗಸಿ ನೋಡುವುದಿಲ್ಲ. ಕ್ಯಾಲಿಫೋರ್ನಿಯಾ 2024ರಲ್ಲಿ ಖಾಸಗಿ ಕಾಲೇಜುಗಳಿಗೂ ಅದನ್ನು ನಿಷೇಧಿಸುವ ಕಾನೂನು ಮಾಡಿತು. ಒಳ್ಳೇ ಕೆಲಸ. ಎಲ್ಲ ರಾಜ್ಯಗಳಲ್ಲೂ ಆಗಬೇಕು.

"ಅರ್ಲಿ ಹಾಕಿದ್ರೆ ಚಾನ್ಸ್ ಡಬಲ್ ಅಂತೆ" ಅನ್ನುವ ಮಾತಿಗೂ ಇದೇ ತೊಡಕು. ಅರ್ಲಿ ಅಂದರೆ ಎಲ್ಲರಿಗಿಂತ ಮೊದಲು, ನವೆಂಬರಿನಲ್ಲೇ ಅರ್ಜಿ ಹಾಕುವುದು. ಹಾಗೆ ಹಾಕುವವರ ಗುಂಪಿನಲ್ಲೇ ಕ್ರೀಡಾಪಟುಗಳೂ ಲೆಗಸಿ ಮಕ್ಕಳೂ ಜಾಸ್ತಿ ಇರುತ್ತಾರೆ. ಆ ಶೇಕಡಾವಾರು ಮೇಲೇರುವುದಕ್ಕೆ ಅವರೂ ಕಾರಣ. ಸೀಟು ಕೊಟ್ಟರೆ ಬಂದೇ ಬರುತ್ತೇನೆ ಅಂತ ಮಾತು ಕೊಡುವ ಅರ್ಲಿ ಡಿಸಿಷನ್‌ನಿಂದ ಸ್ವಲ್ಪ ಅನುಕೂಲ ಇರುವುದು ನಿಜ. ಡಬಲ್ ಅಂತ ನಂಬಿಕೊಂಡು ಕೂರಬೇಡಿ ಅಷ್ಟೇ.

ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯದ ಲೆಕ್ಕ ಇನ್ನೊಂದಿದೆ. ಗಣಿತ ಚೆನ್ನಾಗಿ ಬರುವ ಅಪ್ಪಂದಿರೇ ಇದನ್ನು ಮಾಡುವುದು. "ಒಂದೊಂದು ಕಾಲೇಜಲ್ಲಿ 5% ಅಂತ ಇಟ್ಕೊಳ್ಳಿ. ಇಪ್ಪತ್ತಕ್ಕೆ ಹಾಕಿದ್ರೆ ಎಲ್ಲೋ ಒಂದು ಕಡೆ ಸಿಗೋ ಸಾಧ್ಯತೆ 64%." ಕ್ಯಾಲ್ಕುಲೇಟರಿನಲ್ಲಿ ಸರಿಯಾಗಿಯೇ ಬರುತ್ತದೆ. ಆದರೆ ಇಪ್ಪತ್ತು ಕಾಲೇಜುಗಳೂ ಓದುವುದು ಅದೇ ಫೈಲನ್ನು. ಅದೇ ಮಾರ್ಕ್ಸ್, ಅದೇ ಟೀಚರ್ ಬರೆದ ಪತ್ರ, ಅದೇ 650 ಪದದ ಎಸ್ಸೇ. ಒಂದು ಕಡೆ ಮನಸ್ಸಿಗೆ ನಾಟದ ಫೈಲು ಇನ್ನೊಂದು ಕಡೆಯೂ ನಾಟದೇ ಇರುವ ಸಂಭವವೇ ಹೆಚ್ಚು. ಹಾಗಾಗಿ ಒಂದೇ ಮಗುವಿಗೆ ನಾಲ್ಕು ಕಡೆ ಸೀಟು ಸಿಗುತ್ತದೆ, ಅಷ್ಟೇ ಮಾರ್ಕ್ಸ್ ಇರುವ ಪಕ್ಕದ ಮಗುವಿಗೆ ಇಪ್ಪತ್ತರಲ್ಲಿ ಒಂದೂ ಸಿಗುವುದಿಲ್ಲ. ಈ 64% ನಂಬಿಕೊಂಡು ರಾಜ್ಯದ ಯೂನಿವರ್ಸಿಟಿಗೆ ಅರ್ಜಿ ಹಾಕದೇ ಬಿಟ್ಟ ಮನೆಯವರನ್ನು ನಾನು ನೋಡಿದ್ದೇನೆ. ಏಪ್ರಿಲ್ ತಿಂಗಳಲ್ಲಿ ಆ ಮನೆಯಲ್ಲಿ ಯಾರು ಯಾರಿಗೆ ಸಮಾಧಾನ ಹೇಳಬೇಕು?

ಇನ್ನು, ಫೈಲು ಓದುವವರು ಮಗುವನ್ನು ಇಡೀ ದೇಶದ ಜೊತೆ ಹೋಲಿಸುವುದಕ್ಕಿಂತ ಮೊದಲು ಅದರದೇ ಸ್ಕೂಲಿನ ಜೊತೆ ಇಟ್ಟು ನೋಡುತ್ತಾರೆ. ಕೌನ್ಸೆಲರ್ ಮಾರ್ಕ್ಸ್ ಜೊತೆಗೆ ಸ್ಕೂಲ್ ಪ್ರೊಫೈಲ್ ಅಂತ ಒಂದು ಕಾಗದ ಕಳಿಸುತ್ತಾರೆ. ಆ ಸ್ಕೂಲಿನಲ್ಲಿ ಎಷ್ಟು ಎಪಿ ಇವೆ, ಮಕ್ಕಳ ಮಾರ್ಕ್ಸ್ ಹೇಗೆ ಹಂಚಿಹೋಗಿದೆ, ಎಲ್ಲ ಅದರಲ್ಲಿರುತ್ತದೆ. ಇಪ್ಪತ್ತೈದು ಎಪಿ ಇರುವ ಸ್ಕೂಲಿನಲ್ಲಿ ಹನ್ನೊಂದು ತೆಗೆದುಕೊಂಡಿದ್ದಕ್ಕೂ, ಆರೇ ಇರುವ ಸ್ಕೂಲಿನಲ್ಲಿ ಆರನ್ನೂ ತೆಗೆದುಕೊಂಡಿದ್ದಕ್ಕೂ ಅರ್ಥ ಬೇರೆ. ಬೇರೆ ಊರಿನ ಕಸಿನ್‌ಗೆ ಕಡಿಮೆ ಮಾರ್ಕ್ಸ್‌ಗೇ ಸಿಕ್ಕಿತಲ್ಲಾ ಅಂತ ಕೊರಗುವವರು ಇದನ್ನು ಗಮನಿಸಬೇಕು.

"ನಮ್ಮೋರು ಅಂದ್ರೆ ಕಷ್ಟ" ಅನ್ನುವ ಮಾತನ್ನೂ ಮುಟ್ಟದೇ ಇರಲಾರೆ. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಸೀಟು ಕೊಡುವ ಪದ್ಧತಿಯನ್ನು ತೆಗೆದುಹಾಕಿತು. ಇನ್ನು ಎಲ್ಲ ಕಡೆ ಏಷ್ಯಾ ಮೂಲದ ಮಕ್ಕಳು ಜಾಸ್ತಿ ಆಗುತ್ತಾರೆ ಅಂತ ನಮ್ಮಲ್ಲಿ ಬಹಳ ಜನ ಲೆಕ್ಕ ಹಾಕಿದ್ದರು. ಮುಂದಿನ ವರ್ಷ ಎಂಐಟಿಯಲ್ಲಿ ಅವರ ಪಾಲು 40%ನಿಂದ 47%ಗೆ ಏರಿತು. ಯೇಲ್‌ನಲ್ಲಿ 30%ನಿಂದ 24%ಗೆ ಇಳಿಯಿತು. ಹಾರ್ವರ್ಡ್‌ನಲ್ಲಿ 37% ಇದ್ದದ್ದು 37%ರಲ್ಲೇ ನಿಂತಿತು. ಇಡೀ ದೇಶದ ನಿಯಮವೇ ಬದಲಾದಾಗಲೂ ಮೂರು ಕಾಲೇಜು ಮೂರು ದಿಕ್ಕಿಗೆ ಹೋದವು. ಹೀಗಿರುವಾಗ ಒಂದು ಮಗುವಿನ ಭವಿಷ್ಯವನ್ನು ಅದರ ಸರ್‌ನೇಮ್ ನೋಡಿ ಹೇಳುವುದನ್ನು ನಿಲ್ಲಿಸೋಣ. ಅದನ್ನು ಕೇಳಿಸಿಕೊಂಡು ಬೆಳೆದ ಮಕ್ಕಳು ತಮ್ಮ ಎಸ್ಸೇಯಲ್ಲಿ ತಮ್ಮನ್ನೇ ಮುಚ್ಚಿಡುತ್ತಾರೆ. ನಾನು ಓದುವಾಗ ಅದು ಎದ್ದು ಕಾಣುತ್ತದೆ.

ಹಾಗಾದರೆ ಅಂದಾಜು ಮಾಡುವುದೇ ಬೇಡವಾ? ಮಾಡಬೇಕು. ಖಂಡಿತ ಮಾಡಬೇಕು, ಮಾಡಲು ಬರುವ ಕಡೆ. ಹೆಚ್ಚಿನ ಕಾಲೇಜುಗಳು ಕಾಮನ್ ಡೇಟಾ ಸೆಟ್ ಅಂತ ಪ್ರತಿ ವರ್ಷ ಒಂದು ದಾಖಲೆ ಹಾಕುತ್ತವೆ. ಅದರಲ್ಲಿ ಸಿ7 ಅನ್ನುವ ಪಟ್ಟಿ ತೆಗೆಯಿರಿ. ಮಾರ್ಕ್ಸ್, ಎಸ್ಸೇ, ಶಿಫಾರಸು ಪತ್ರ, ಲೆಗಸಿ, ಆ ರಾಜ್ಯದವರಾಗಿರುವುದು, ಯಾವುದು ಎಷ್ಟು ಮುಖ್ಯ ಅಂತ ಕಾಲೇಜೇ ಟಿಕ್ ಮಾಡಿರುತ್ತದೆ. ಸಿ9ರಲ್ಲಿ ಸೇರಿದ ಮಕ್ಕಳ ಎಸ್‌ಎಟಿ ಅಂಕ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಇರುತ್ತದೆ. ನೂರರಲ್ಲಿ ಅರವತ್ತು ಎಪ್ಪತ್ತು ಜನರನ್ನು ತೆಗೆದುಕೊಳ್ಳುವ ಕಾಲೇಜಿಗೆ ಈ ಎರಡು ಪುಟ ಸಾಕು, ಧೈರ್ಯವಾಗಿ ಹೇಳಬಹುದು. ಇಂಥ ಕಾಲೇಜುಗಳೇ ಈ ದೇಶದಲ್ಲಿ ಜಾಸ್ತಿ. ಪ್ಯೂ ಅನ್ನುವ ಸಂಶೋಧನಾ ಸಂಸ್ಥೆ 1,364 ಕಾಲೇಜುಗಳ 2017ರ ಲೆಕ್ಕ ನೋಡಿದಾಗ, 10%ಗಿಂತ ಕಡಿಮೆ ಜನರನ್ನು ತೆಗೆದುಕೊಂಡವು 17 ಮಾತ್ರ. ಅರ್ಧಕ್ಕಿಂತ ಹೆಚ್ಚು ಕಾಲೇಜುಗಳು ಮೂವರಲ್ಲಿ ಇಬ್ಬರಿಗೆ, ಅದಕ್ಕೂ ಜಾಸ್ತಿ ಜನರಿಗೆ ಸೀಟು ಕೊಟ್ಟಿದ್ದವು. ನಮ್ಮ ಮಾತುಕತೆಯೆಲ್ಲ ಆ ಹದಿನೇಳರ ಸುತ್ತಲೇ ಸುತ್ತುತ್ತದೆ.

ಸರ್ಕಾರಿ ಯೂನಿವರ್ಸಿಟಿಗಳ ನಿಯಮ ಬೇರೆಬೇರೆ, ಅದನ್ನು ಓದದೇ ಚಾನ್ಸ್ ಮಾತಾಡುವುದೇ ವ್ಯರ್ಥ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಯಾವ ಕ್ಯಾಂಪಸ್ಸೂ ಸೀಟು ಕೊಡುವಾಗ ಎಸ್‌ಎಟಿ ನೋಡುವುದೇ ಇಲ್ಲ. 1560 ಇದ್ದರೂ ಅವರ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ, ಒಂದೊಂದಕ್ಕೂ 350 ಪದದೊಳಗೆ ಉತ್ತರ ಬರೆಯಬೇಕು. ಆ ನಾಲ್ಕು ಉತ್ತರ ಬಿಟ್ಟು ಬೇಸಿಗೆಯೆಲ್ಲ ಎಸ್‌ಎಟಿ ಕೋಚಿಂಗ್‌ಗೆ ಕಳಿಸಿದರೆ ಯುಸಿಎಲ್‌ಎಗೆ, ಅಂದರೆ ಅದರ ಲಾಸ್ ಏಂಜಲೀಸ್ ಕ್ಯಾಂಪಸ್ಸಿಗೆ, ಏನು ಉಪಯೋಗ? 2023ರಲ್ಲಿ ಯುಸಿಎಲ್‌ಎಗೆ ಮೊದಲ ವರ್ಷಕ್ಕೆ ಬಂದ ಅರ್ಜಿಗಳೇ 1.45 ಲಕ್ಷ. ಎಂಐಟಿಯಲ್ಲಿ ಇದಕ್ಕೆ ಉಲ್ಟಾ. 2022ರಿಂದ ಮತ್ತೆ ಎಸ್‌ಎಟಿ ಅಥವಾ ಅಂಥದೇ ಇನ್ನೊಂದು ಪರೀಕ್ಷೆಯಾದ ಎಸಿಟಿ ಕಡ್ಡಾಯ ಮಾಡಿದ್ದಾರೆ. ಟೆಕ್ಸಸ್‌ನಲ್ಲಿ ಕಾನೂನೇ ಇದೆ. ಆ ರಾಜ್ಯದ ಸ್ಕೂಲಿನಲ್ಲಿ ಮಾರ್ಕ್ಸ್ ಲೆಕ್ಕದಲ್ಲಿ ಮೇಲಿನ ಸಾಲಿನಲ್ಲಿದ್ದರೆ ಯೂನಿವರ್ಸಿಟಿ ಆಫ್ ಟೆಕ್ಸಸ್‌ನ ಆಸ್ಟಿನ್ ಕ್ಯಾಂಪಸ್‌ನಲ್ಲಿ ಸೀಟು ಖಾತ್ರಿ. ಮೇಲಿನ 6% ಇದ್ದದ್ದನ್ನು 2026ರಿಂದ 5% ಮಾಡಿದ್ದಾರೆ. ಆದರೆ ಅದು ಯೂನಿವರ್ಸಿಟಿಗೆ ಸೀಟು, ಕಂಪ್ಯೂಟರ್ ಸೈನ್ಸ್‌ಗಲ್ಲ. ಈ ಕೊನೇ ಸಾಲನ್ನು ದಯವಿಟ್ಟು ಎರಡು ಸಲ ಓದಿ. ನಮ್ಮ ಮಕ್ಕಳಲ್ಲಿ ಕಂಪ್ಯೂಟರ್ ಸೈನ್ಸ್ ಕೇಳುವವರೇ ಜಾಸ್ತಿ, ಆ ವಿಭಾಗಕ್ಕೆ ನೇರ ಪ್ರವೇಶ ಕೊಡುವ ಯೂನಿವರ್ಸಿಟಿಗಳಲ್ಲಿ ಅದರ ಪೈಪೋಟಿ ಯೂನಿವರ್ಸಿಟಿಯ ಒಟ್ಟು ಸಂಖ್ಯೆಯಲ್ಲಿ ಕಾಣುವುದಿಲ್ಲ.

ಅಂದಾಜಿಗೆ ಸಿಗದ ಭಾಗ ಎಂಥದ್ದು ಅನ್ನುವುದಕ್ಕೆ ಒಂದು ಹುಡುಗಿಯ ಅರ್ಜಿ ನೆನಪಾಗುತ್ತದೆ. ಬಹಳ ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ತುಂಬುವ ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆ ಬರೆಯಬಹುದು. ವಿವರಣೆಗೆ ಒಂದೊಂದಕ್ಕೂ ಇರುವ ಜಾಗ 150 ಅಕ್ಷರ, ಖಾಲಿ ಜಾಗವೂ ಸೇರಿ. ಅವಳು ಮೊದಲನೆಯದಾಗಿ ಕ್ಲಬ್ಬಿನ ಪದವಿ ಬರೆದಿದ್ದಳು. ನಾಯಕತ್ವ, ತಂಡದ ಕೆಲಸ, ಎಲ್ಲರೂ ಬರೆಯುವ ಮಾತು. ಹತ್ತನೆಯದರಲ್ಲಿ ‘ಕ್ರಿಕೆಟ್ ಲೀಗ್, ಸ್ವಯಂಸೇವೆ’ ಅಂತ ಇತ್ತು. ಏನಮ್ಮಾ ಇದು ಅಂತ ಕೇಳಿದೆ. "ಅದೇನಿಲ್ಲ ಆಂಟಿ, ಸುಮ್ನೆ" ಅಂದಳು. ಬಿಡದೇ ಕೇಳಿದ ಮೇಲೆ ಗೊತ್ತಾಯಿತು. ಅಪ್ಪ ವಾರಾಂತ್ಯದಲ್ಲಿ ಆಡುವ ಲೀಗಿಗೆ ಏಳನೇ ಕ್ಲಾಸಿನಿಂದ ಸ್ಕೋರ್ ಬರೆಯುತ್ತಿದ್ದವಳು ಅವಳೇ. ಬೌಲರ್ ಓವರಿನ ಮಧ್ಯೆ ಕಾಲು ಉಳುಕಿ ಹೊರಗೆ ಹೋದರೆ ಲೆಕ್ಕ ತಪ್ಪುತ್ತಿತ್ತಂತೆ, ಆಟ ಮುಗಿದ ಮೇಲೆ ದೊಡ್ಡವರು ಜಗಳಕ್ಕೆ ನಿಲ್ಲುತ್ತಿದ್ದರಂತೆ. ಅದಕ್ಕೆ ಅವಳೇ ಒಂದು ಪುಟ್ಟ ಪ್ರೋಗ್ರಾಂ ಬರೆದಳು. ಈಗ ಇಡೀ ಲೀಗ್ ಅದನ್ನೇ ಬಳಸುತ್ತದೆ. ಇದು ಅವಳ ಹತ್ತನೇ ಸಾಲು!

ಅದನ್ನು ಮೇಲಕ್ಕೆ ತಂದು, ಆ ಜಗಳವನ್ನೂ ಸೇರಿಸಿ, 150 ಅಕ್ಷರದಲ್ಲಿ ಕೂರಿಸಿದಳು. ಅವಳು ಬಹಳ ಆಸೆಪಟ್ಟ ಕಾಲೇಜುಗಳು ಅವಳನ್ನು ತೆಗೆದುಕೊಳ್ಳಲಿಲ್ಲ. ರಾಜ್ಯದ ಯೂನಿವರ್ಸಿಟಿಯ ಆನರ್ಸ್ ಕಾಲೇಜು ತೆಗೆದುಕೊಂಡಿತು. ಫೈಲಿನಲ್ಲಿ ಅವಳು ಅವಳಾಗಿಯೇ ಇದ್ದಳು, ನಾವು ಮಾಡಬಹುದಾಗಿದ್ದು ಅಷ್ಟೇ. ಜಿಪಿಎ, ಎಸ್‌ಎಟಿ ಹಾಕಿ ಚಾನ್ಸ್ ಕೇಳುವ ಮೆಸೇಜಿನಲ್ಲಿ ಆ ಸ್ಕೋರ್ ಬುಕ್ ಬರುವುದೇ ಇಲ್ಲ. ಮನೆಯವರಿಗೇ ಅದು ಲೆಕ್ಕಕ್ಕಿಲ್ಲ.

ಇನ್ನೊಬ್ಬ ಹುಡುಗನಿಗೆ ಯಾರೋ ದುಡ್ಡು ತೆಗೆದುಕೊಂಡು "80% ಗ್ಯಾರಂಟಿ" ಅಂದಿದ್ದರು. ಮಾರ್ಚ್ ಕೊನೆಯಲ್ಲಿ ಸಾಲಾಗಿ ‘ಇಲ್ಲ’ ಬಂತು. "ಆಂಟಿ, ನಾನೇನು ತಪ್ಪು ಮಾಡ್ದೆ?" ಅಂತ ಕೇಳಿದ. ಏನೂ ಮಾಡಿರಲಿಲ್ಲ. ನೂರರಲ್ಲಿ ನಾಲ್ಕು ಜನರನ್ನು ತೆಗೆದುಕೊಳ್ಳುವ ಕಡೆ ತೊಂಬತ್ತಾರು ಜನರಲ್ಲಿ ಒಬ್ಬನಾಗಿದ್ದ. ಆದರೆ 80% ಅಂತ ಕೇಳಿಸಿಕೊಂಡವನಿಗೆ ಅದು ತನ್ನ ಸೋಲಾಗಿಯೇ ಕಾಣುತ್ತದೆ. ಹದಿನೇಳು ವರ್ಷದ ಮಗುವಿನ ತಲೆಯ ಮೇಲೆ ಆ ಭಾರ ಹಾಕಿದವರು ದೊಡ್ಡವರು.

ಹಾಗಾಗಿ ಪಟ್ಟಿ ಮಾಡುವಾಗ ಕೆಳಗಿನಿಂದ ಶುರು ಮಾಡಿ. ಸೀಟು ಬಹುತೇಕ ಖಚಿತ ಇರುವ, ಫೀಸು ಕಟ್ಟಲು ಆಗುವ, ಮಗುವೇ ಖುಷಿಯಿಂದ ಹೋಗಲು ಒಪ್ಪುವ ಎರಡು ಕಾಲೇಜು ಮೊದಲು ಹುಡುಕಿ. ಈ ಮೂರು ಷರತ್ತಿನಲ್ಲಿ ಒಂದು ತಪ್ಪಿದರೂ ಅದು ಸೇಫ್ಟಿ, ಅಂದರೆ ನಂಬಿಕೊಳ್ಳಬಹುದಾದ ಕಾಲೇಜು, ಅಲ್ಲ. ಅಲ್ಲಿಗೆ ಮಗುವನ್ನು ಕರೆದುಕೊಂಡು ಹೋಗಿ, ಕ್ಲಾಸಿನಲ್ಲಿ ಕೂರಿಸಿ. ಅದರ ಬಗ್ಗೆ ಮನೆಯಲ್ಲಿ ಹಗುರವಾಗಿ ಮಾತಾಡಬೇಡಿ. ಆಮೇಲೆ ಮಧ್ಯದವು ನಾಲ್ಕೈದು. 10%ಗಿಂತ ಕಡಿಮೆ ತೆಗೆದುಕೊಳ್ಳುವವು ಎಷ್ಟೇ ಮಾರ್ಕ್ಸ್ ಇದ್ದರೂ ಎಲ್ಲರಿಗೂ ರೀಚ್, ಅಂದರೆ ಸಿಗದೇ ಇರುವ ಸಂಭವವೇ ಹೆಚ್ಚಿರುವ ಕಾಲೇಜು. ಇಷ್ಟವಿದ್ದರೆ ಹಾಕಲಿ, ಮನಸ್ಸಿಟ್ಟು ಬರೆಯಲು ಆಗುವಷ್ಟು ಮಾತ್ರ ಹಾಕಲಿ.

ಅರ್ಲಿ ಡಿಸಿಷನ್ ಹಾಕುವವರಿಗೆ ಒಂದು ಮಾತು. ಆ ಒಪ್ಪಂದಕ್ಕೆ ಮಗು, ನೀವು, ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ಸೀಟು ಸಿಕ್ಕರೆ ಬೇರೆ ಕಾಲೇಜುಗಳು ಎಷ್ಟು ನೆರವು ಕೊಡುತ್ತಿದ್ದವು ಅಂತ ಹೋಲಿಸಿ ನೋಡುವ ಅವಕಾಶ ಇರುವುದಿಲ್ಲ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆರವು ಕಳೆದು ನಾವು ಎಷ್ಟು ಕಟ್ಟಬೇಕಾಗಬಹುದು ಅಂತ ಅಂದಾಜು ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇದೆ, 2011ರಿಂದ ಅದು ಕಡ್ಡಾಯ. ಸಹಿ ಹಾಕುವ ಮೊದಲು ಒಂದು ಸಂಜೆ ಮಗುವನ್ನು ಪಕ್ಕದಲ್ಲೇ ಕೂರಿಸಿಕೊಂಡು ಅದನ್ನು ತುಂಬಿ. ವರ್ಷಕ್ಕೆ ಮನೆಯಿಂದ ಎಷ್ಟು ಕೊಡಲು ಆಗುತ್ತದೆ, ಎಷ್ಟು ಆಗುವುದಿಲ್ಲ ಅನ್ನುವುದನ್ನು ಮಗುವಿಗೆ ಅಕ್ಟೋಬರಿನಲ್ಲೇ ಹೇಳಿ, ಏಪ್ರಿಲ್‌ವರೆಗೆ ಕಾಯಬೇಡಿ.